ಬಾಲಮಂದಿರದಲ್ಲಿ ಹೆಪಟೈಟಿಸ್, ಎಚ್‌ಐವಿ: ಬೇರೆ ಇಡಬೇಕಾದ್ದು ಬ್ಲೇಡು, ಮಗುವನ್ನಲ್ಲ

ಹೊಸ ಮಗು ಬಂದ ದಿನವೇ ತಾಯಿ ಕಾರ್ಡ್ (ಲಸಿಕೆ ಬರೆದಿಡುವ ಕಾರ್ಡ್) ಹುಡುಕಿ. ಹೆಪಟೈಟಿಸ್ ಬಿ ಲಸಿಕೆ ಹುಟ್ಟಿದ 24 ಗಂಟೆಯೊಳಗೆ ಒಂದು, ಆಮೇಲೆ 6, 10, 14ನೇ ವಾರ ಐದು ರೋಗ ತಡೆಯುವ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲಿ ಬಿದ್ದಿರಬೇಕು. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಒಂಟಿಯಾಗಿ ಸಿಕ್ಕ ಮಗುವಿಗೆ ಕಾರ್ಡ್ ಎಲ್ಲಿಂದ ಬರಬೇಕು? ಕಾರ್ಡ್ ಇಲ್ಲದಿದ್ದರೆ ಲಸಿಕೆ ಆಗಿಲ್ಲವೆಂದೇ ಲೆಕ್ಕ. ಮೊದಲು ಪರೀಕ್ಷೆಗೆ ರಕ್ತ ತೆಗೆಸಿ, ಆಮೇಲೆ ಲಸಿಕೆಯ ಮೊದಲ ಡೋಸ್ ಚುಚ್ಚಿಸಿ. ಕ್ರಮ ತಿರುವುಮುರುವಾದರೆ ಲಸಿಕೆಯಲ್ಲಿನ ಅಂಶವೇ ಕೆಲವು ದಿನ ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಸೋಂಕು ಪತ್ತೆಮಾಡುವ) ಪರೀಕ್ಷೆಯಲ್ಲಿ ಸುಳ್ಳು ಪಾಸಿಟಿವ್ ತೋರಿಸಬಹುದು. ಉಳಿದ ಎರಡು ಡೋಸ್ 1 ಮತ್ತು 6ನೇ ತಿಂಗಳಿಗೆ. ಆರನೇ ತಿಂಗಳದ್ದೇ ಮರೆತುಹೋಗುವುದು. ಗೋಡೆಯ ಕ್ಯಾಲೆಂಡರ್‌ನಲ್ಲಿ ಇವತ್ತೇ ಗುರುತು ಹಾಕಿ. ಅಡುಗೆಯವರು, ಆಯಾಗಳಿಗೂ ಹಾಕಿಸಿ.

18 ತಿಂಗಳೊಳಗಿನ ಕೂಸಿನಲ್ಲಿ ಎಚ್‌ಐವಿ, ಹೆಪಟೈಟಿಸ್ ಸಿ ಆಂಟಿಬಾಡಿ (ಸೋಂಕಿನ ವಿರುದ್ಧ ದೇಹ ತಯಾರಿಸುವ ಅಂಶ) ಕಂಡರೆ ಅದು ತಾಯಿಯಿಂದ ಬಂದದ್ದಿರಬಹುದು. ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಆಗುವ ತನಕ ಮಗುವಿಗೆ ಸೋಂಕಿದೆ ಎಂದು ತೀರ್ಮಾನಿಸಬೇಡಿ.

ನಿಜವಾದ ಅಪಾಯ ಇರುವುದು ಭಾನುವಾರದ ಕಟಿಂಗ್‌ನಲ್ಲಿ. ಒಂದೇ ಬ್ಲೇಡಿನಲ್ಲಿ ಇಪ್ಪತ್ತು ತಲೆ ಬೋಳಿಸುತ್ತಾರೆ, ನಡುವೆ ಒಂದು ತಲೆಯಲ್ಲಿ ಕಜ್ಜಿ ಕಿತ್ತು ರಕ್ತ ಬಂದಿರುತ್ತದೆ, ಬ್ಲೇಡನ್ನು ಪಂಚೆಗೆ ಒರೆಸಿ ಮುಂದಿನವನನ್ನು ಕರೆಯುತ್ತಾರೆ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ 7 ದಿನವಾದರೂ ಬದುಕಿರುತ್ತದೆ. ತಲೆಗೊಂದು ಹೊಸ ಬ್ಲೇಡ್ ನೀವೇ ಕೊಡಿ. ನೇಲ್ ಕಟರ್, ಟೂತ್ ಬ್ರಷ್‌ಗೆ ಹೆಸರು ಅಂಟಿಸಿ. ತಟ್ಟೆ, ಲೋಟ, ಹಾಸಿಗೆ, ಕಕ್ಕಸು ಬೇರೆ ಮಾಡಬೇಕಿಲ್ಲ. ಅದರಿಂದ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಹರಡುವುದಿಲ್ಲ.

ನೆಲಕ್ಕೆ ರಕ್ತ ಬಿದ್ದರೆ ಗ್ಲೌಸ್ ಹಾಕಿ, ಹಳೆ ಬಟ್ಟೆ ಮುಚ್ಚಿ, ಮೇಲೆ 1% ಕ್ಲೋರಿನ್ ಇರುವ ಬ್ಲೀಚ್ ನೀರು ಸುರಿದು 20 ನಿಮಿಷ ಬಿಡಿ. 30% ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಆದರೆ ಲೀಟರ್ ನೀರಿಗೆ 33 ಗ್ರಾಂ, ದಿನಾ ಹೊಸದಾಗಿ ಕಲಸಿ. ಬಾಯಿ ಬಿಟ್ಟ ಚೀಲದ ಪೌಡರ್ ಸತ್ತುಹೋಗಿರುತ್ತದೆ. ಬಾತ್‌ರೂಮ್ ಆಸಿಡ್ ಜೊತೆ ಬೆರೆಸಿದರೆ ವಿಷಗಾಳಿ ಏಳುತ್ತದೆ.

ಬಳಸಿದ ಸೂಜಿ ಚುಚ್ಚಿದರೆ, ಮಗು ರಕ್ತ ಬರುವಂತೆ ಕಚ್ಚಿದರೆ, ಗಾಯ ಹಿಂಡಬೇಡಿ; ನಲ್ಲಿ ನೀರು, ಸೋಪಿನಲ್ಲಿ ತೊಳೆದು ಆಸ್ಪತ್ರೆಗೆ ಹೊರಡಿ. ಎಚ್‌ಐವಿ ತಡೆಯುವ 28 ದಿನದ ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ ಅದು 2 ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಬೆಂಗಳೂರಿನ ಬೌರಿಂಗ್, ವಿಕ್ಟೋರಿಯಾ ಆಸ್ಪತ್ರೆಗಳಲ್ಲಿ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರಗಳಿವೆ. ನಮ್ಮ ಊರಿನ ಟ್ರಾಫಿಕ್ ಗೊತ್ತಲ್ಲ, ರಾತ್ರಿ ಎಲ್ಲಿಗೆ ಹೋಗಬೇಕೆಂದು ಇವತ್ತೇ ಕೇಳಿಟ್ಟುಕೊಳ್ಳಿ. ಸಂದೇಹಕ್ಕೆ ಎಚ್‌ಐವಿ ಸಹಾಯವಾಣಿ 1097 ಇದೆ.

ವರದಿ ಬೀಗ ಹಾಕಿದ ಕಪಾಟಿನಲ್ಲಿರಲಿ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಮಗುವಿನ ಸ್ಥಿತಿ ಬಯಲು ಮಾಡುವಂತಿಲ್ಲ. ಫೈಲಿನ ಮೇಲಿನ ಕೆಂಪು ಚುಕ್ಕೆಯೂ ಬಯಲು ಮಾಡಿದಂತೆಯೇ, ಅದರ ಅರ್ಥ ಮಕ್ಕಳಿಗೆ ವಾರದೊಳಗೆ ತಿಳಿದಿರುತ್ತದೆ.