ಟ್ಯಾರೋ ತುರುಪುಗಳ ಹಳೆಯ ಸಾಲನ್ನು ನಾನು ಜೋಡಿಸಿ ನೋಡಿದ್ದು

ಟ್ಯಾರೋ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಭವಿಷ್ಯ ಹೇಳುವ ಎಲೆಗಳು. ಆದರೆ ಅದು ಹುಟ್ಟಿದ್ದು ಉತ್ತರ ಇಟಲಿಯಲ್ಲಿ, ಇಸ್ಪೀಟಿನಂಥ ಆಟವಾಗಿ. 78 ಎಲೆಗಳಲ್ಲಿ 56 ಸಾಮಾನ್ಯ ಎಲೆಗಳು, 21 ಕಾಯಂ ತುರುಪುಗಳು, ಜೊತೆಗೊಬ್ಬ ಹುಚ್ಚ. ಯಾವ ತುರುಪು ಯಾವುದನ್ನು ಹೊಡೆಯುತ್ತದೆ ಅಂತ ಗೊತ್ತಿಲ್ಲದಿದ್ದರೆ ಆಡೋಕೇ ಆಗಲ್ಲ. ಹಾಗಿದ್ದೂ ಅತಿ ಹಳೆಯ ಎಲೆಗಳ ಮೇಲೆ ಸಂಖ್ಯೆಯೂ ಇಲ್ಲ, ಹೆಸರೂ ಇಲ್ಲ. ಮಿಲಾನಿನ ದೊರೆಗಳಿಗೆ 1450ರ ಸುಮಾರಿಗೆ ಬರೆದ ಚಿನ್ನದ ಹಿನ್ನೆಲೆಯ ಎಲೆಗಳು ಈಗ ನ್ಯೂಯಾರ್ಕ್ ಮತ್ತು ಬೆರ್ಗಾಮೊದಲ್ಲಿ ಹಂಚಿಹೋಗಿವೆ. ಅವುಗಳಲ್ಲೂ ಅಷ್ಟೆ, ಬರೀ ಚಿತ್ರ. ಆಡುವವರಿಗೆ ಸಾಲು ಬಾಯಿಪಾಠ ಇತ್ತು.

ಹಾಗಾದರೆ ಮೊದಲ ಸಾಲು ಯಾವುದು? ಇದರ ಬಗ್ಗೆ ವಾದಗಳನ್ನು ಓದಿ ಓದಿ ಸಾಕಾಗಿತ್ತು. ಕೈಯಲ್ಲೇ ಜೋಡಿಸಿ ನೋಡೋಣ ಅಂತ ರಟ್ಟಿನ ಚೀಟಿಗಳನ್ನು ಕತ್ತರಿಸಿ ಒಂದೊಂದರ ಮೇಲೆ ಒಂದೊಂದು ತುರುಪಿನ ಹೆಸರು ಬರೆದೆ. ಅಂಥ ಮೂರು ಕಟ್ಟು ಮಾಡಿಕೊಂಡೆ. ಮೂರೇ ಯಾಕೆಂದರೆ, ಸಿಕ್ಕಿರುವ ಹಳೆಯ ಪಟ್ಟಿಗಳೆಲ್ಲ ಮೂರು ಬಗೆಯಲ್ಲಿ ಸೇರುತ್ತವೆ ಎಂದು ತತ್ವಶಾಸ್ತ್ರಜ್ಞ ಮೈಕೆಲ್ ಡಮ್ಮೆಟ್ 1980ರಲ್ಲಿ ತೋರಿಸಿಕೊಟ್ಟಿದ್ದರು: ಬೊಲೋನ್ಯಾ ಮತ್ತು ಫ್ಲಾರೆನ್ಸಿನದು ಒಂದು, ಫೆರಾರಾದ್ದು ಇನ್ನೊಂದು, ಮಿಲಾನಿನದು ಮತ್ತೊಂದು. ಫೆರಾರಾ ಬಗೆಗೆ ನಾನು ಹಿಡಿದದ್ದು 15ನೇ ಶತಮಾನದ ಕೊನೆಯ ಹೊತ್ತಿನ ಒಂದು ಧರ್ಮೋಪದೇಶದ ಹಸ್ತಪ್ರತಿಯ ಪಟ್ಟಿ. ಜೂಜು ಕೆಟ್ಟದ್ದು ಅಂತ ಬೈಯುತ್ತಲೇ ಆ ಪಾದ್ರಿ 22 ಎಲೆಗಳನ್ನೂ ಒಂದೂ ಬಿಡದೆ ಹೇಳಿದ್ದಾರೆ. ನನ್ನ ಪಾಲಿಗೆ ಅದು ದೊಡ್ಡ ಉಪಕಾರ. ಮಿಲಾನ್ ಬಗೆಗೆ, ಅದೇ ಬಗೆಗೆ ಸೇರುವ ಫ್ರಾನ್ಸಿನ ಮಾರ್ಸೇಯ್ ಎಲೆಗಳ ಮೇಲಿನ ಸಂಖ್ಯೆ ಸಾಕು. ಮೊದಲನೆಯದಕ್ಕೆ ಬೊಲೋನ್ಯಾದಲ್ಲಿ ಇಂದಿಗೂ ಆಡುವ ಆಟದ ಸಾಲು.

ಮೂರನ್ನೂ ನೆಲದ ಮೇಲೆ ಉದ್ದಕ್ಕೆ ಹಾಸಿದಾಗ ಮೊದಲು ಬರೀ ಗೊಂದಲ ಕಂಡಿತು. ಆಮೇಲೆ ನ್ಯಾಯ, ಧೈರ್ಯ, ಸಂಯಮ ಎಂಬ ಮೂರು ಸದ್ಗುಣಗಳ ಚೀಟಿಗಳನ್ನು ಎತ್ತಿ ಪಕ್ಕಕ್ಕಿಟ್ಟೆ. ಹೀಗೆ ಮಾಡಬೇಕು ಅನ್ನುವುದೂ ಡಮ್ಮೆಟ್ ಅವರ ಸೂಚನೆಯೇ. ಆದರೆ ಓದುವುದೇ ಬೇರೆ, ಕಣ್ಣಾರೆ ನೋಡುವುದೇ ಬೇರೆ. ಉಳಿದ 18 ಚೀಟಿಗಳು ಮೂರೂ ಸಾಲಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟವು. ಕೆಳಗೆ ಜಾದೂಗಾರ, ಚಕ್ರವರ್ತಿನಿ, ಚಕ್ರವರ್ತಿ, ಹೆಣ್ಣು ಪೋಪ್, ಪೋಪ್. ನಡುವೆ ಪ್ರೇಮ, ರಥ, ಅದೃಷ್ಟಚಕ್ರ, ಮುದುಕ, ತಲೆಕೆಳಗಾಗಿ ನೇತುಬಿದ್ದವನು, ಸಾವು. ಮೇಲೆ ಸೈತಾನ, ಸಿಡಿಲಿನ ಗೋಪುರ, ನಕ್ಷತ್ರ, ಚಂದ್ರ, ಸೂರ್ಯ, ಕೊನೆಗೆ ದೇವದೂತ ಮತ್ತು ಜಗತ್ತು. ಒಂದು ಗುಂಪಿನ ಎಲೆ ಇನ್ನೊಂದು ಗುಂಪಿಗೆ ನುಗ್ಗುವುದಿಲ್ಲ. ಅದಲುಬದಲಾದರೂ ತನ್ನ ಗುಂಪಿನೊಳಗೇ.

ಊರು ಸುತ್ತುವುದು ಆ ಮೂರು ಸದ್ಗುಣಗಳು ಮಾತ್ರ. ಬೊಲೋನ್ಯಾದಲ್ಲಿ ಮೂರೂ ಒಟ್ಟಿಗೆ, ರಥದ ಮೇಲೆ ಕೂತಿವೆ. ಮಾರ್ಸೇಯ್ ಸಾಲಿನಲ್ಲಿ 8, 11, 14ಕ್ಕೆ ಚದುರಿವೆ. ಪಾದ್ರಿಯ ಪಟ್ಟಿಯಲ್ಲಿ ಸಂಯಮ 6, ಧೈರ್ಯ 9, ನ್ಯಾಯ ಏಕ್‌ದಂ 20! ದೇವದೂತ ಕಹಳೆ ಊದಿ ಸತ್ತವರನ್ನು ಎಬ್ಬಿಸಿದ ಮೇಲೆ ನ್ಯಾಯ ತೀರ್ಮಾನ, ಅದರ ಮೇಲೆ ಜಗತ್ತು. ಆ ಊರಿನವರು ಕೊನೆಯ ತೀರ್ಪಿನ ದಿನವನ್ನೇ ಮನಸ್ಸಲ್ಲಿಟ್ಟುಕೊಂಡು ಹಾಗೆ ಜೋಡಿಸಿದ್ದಾರೆ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಸಂಗತಿ ನನ್ನನ್ನು ತುಂಬಾ ಹೊತ್ತು ಹಿಡಿದು ನಿಲ್ಲಿಸಿತು. ಮಾರ್ಸೇಯ್‌ನಲ್ಲಿ ಸಾವು 13. ಪಾದ್ರಿಯ ಪಟ್ಟಿಯಲ್ಲೂ 13. ಬೊಲೋನ್ಯಾ ಸಾಲನ್ನು ಕೆಳಗಿನಿಂದ ಎಣಿಸಿದರೆ ಸಾವು 14 ಬರಬೇಕು. ಆದರೆ ಮುಂದೆ ಆ ಎಲೆಗಳ ಮೇಲೆ ಸಂಖ್ಯೆ ಅಚ್ಚಾದಾಗ ಪ್ರೇಮಕ್ಕೆ 6ರ ಬದಲು 5 ಕೊಟ್ಟರು, ಸಾವು 13ಕ್ಕೇ ಬಂತು. ಫ್ಲಾರೆನ್ಸಿನ 97 ಎಲೆಗಳ ಮಿಂಕ್ಯಾತೆ ಆಟದಲ್ಲೂ ಸಾವು 13. ಸದ್ಗುಣಗಳು ಎಲ್ಲಿ ಬೇಕಾದರೂ ಹೋಗಲಿ, ಸಾವಿನ ಸಂಖ್ಯೆ ಮಾತ್ರ ಬದಲಾಗಕೂಡದು ಅನ್ನುವ ಹಾಗೆ.

ಬೊಲೋನ್ಯಾದ ಇನ್ನೊಂದು ನಿಯಮವನ್ನು ಗೆಳೆಯರ ಜೊತೆ ಆಡಿಯೇ ನೋಡಿದೆ. ಅಲ್ಲಿ ಹಿಂದೆ ಪೋಪ್, ಹೆಣ್ಣು ಪೋಪ್, ಚಕ್ರವರ್ತಿ, ಚಕ್ರವರ್ತಿನಿ ನಾಲ್ವರೂ ಸಮವಾಗಿದ್ದರು. ಒಂದೇ ಸುತ್ತಿನಲ್ಲಿ ಇಬ್ಬರು ಬಿದ್ದರೆ ಕೊನೆಗೆ ಬಿದ್ದವರು ಗೆಲ್ಲುತ್ತಾರೆ. ಆಡುವಾಗ ಇದು ಎಷ್ಟು ಸಲೀಸು ಗೊತ್ತಾ! ಯಾರು ಮೇಲು ಅಂತ ನೆನಪಿಡುವ ಕಷ್ಟವೇ ಇಲ್ಲ. ಬೇರೆ ಊರಿನ ಪಟ್ಟಿಗಳಲ್ಲಿ ಹೆಣ್ಣು ಪೋಪ್ ಒಂದು ಕಡೆ 2, ಇನ್ನೊಂದು ಕಡೆ 4 ಆಗಿರುವುದಕ್ಕೆ ಈ ಹಳೆಯ ಸಮಾನತೆಯೇ ಕಾರಣ ಇರಬಹುದಲ್ವಾ? 1725ರಲ್ಲಿ ಬೊಲೋನ್ಯಾದ ಎಲೆಗಳ ವಿಚಾರ ಪೋಪರ ಆಡಳಿತಕ್ಕೆ ಸಿಟ್ಟು ತರಿಸಿತು, ಈ ನಾಲ್ವರ ಜಾಗಕ್ಕೆ ನಾಲ್ವರು ‘ಮೂರ್’ಗಳ (ಉತ್ತರ ಆಫ್ರಿಕಾದ ಮುಸ್ಲಿಮರ) ಚಿತ್ರ ಬಂತು. ಹೊಸ ಎಲೆಗಳಿಗೂ ಅದೇ ನಿಯಮ ಉಳಿಯಿತು.

ಇಷ್ಟಾದ ಮೇಲೆ ಮೂಲದ ಬಗೆಗಿನ ವಾದಗಳ ಕಡೆ ತಿರುಗಿದೆ. 1781ರಲ್ಲಿ ಪ್ಯಾರಿಸಿನ ಕೂರ್ ದ ಜೆಬೆಲಿನ್, ಇದು ಈಜಿಪ್ಟಿನ ಪುರೋಹಿತರ ಗುಪ್ತ ಜ್ಞಾನ ಎಂದರು. ಅದೇ ಸಂಪುಟದಲ್ಲಿ 22 ಎಲೆಗಳನ್ನು 22 ಹೀಬ್ರೂ ಅಕ್ಷರಗಳಿಗೆ ಹೊಂದಿಸಿದ ಲೇಖನವೂ ಬಂತು. ಅವರ ಮುಂದಿದ್ದದ್ದು ಮಾರ್ಸೇಯ್ ಸಾಲು. ಅದು ಮೂರರಲ್ಲಿ ಒಂದು, ಅಷ್ಟೆ. ಬೊಲೋನ್ಯಾ ಸಾಲನ್ನು ಕೊಟ್ಟರೆ ಅಕ್ಷರಗಳ ಹೊಂದಾಣಿಕೆ ಪೂರ್ತಿ ಬೇರೆಯಾಗುತ್ತದೆ. 1909ರ ಲಂಡನ್ ಕಟ್ಟಿನಲ್ಲಂತೂ ಇಂಥ ಹೊಂದಾಣಿಕೆಗೋಸ್ಕರ ಧೈರ್ಯ 8ಕ್ಕೆ, ನ್ಯಾಯ 11ಕ್ಕೆ ಹೋದವು. ಇಂದು ಜಾಸ್ತಿ ಜನ ಬಳಸುವುದು ಅದನ್ನೇ.

ನನಗೆ ಹೆಚ್ಚು ಗಟ್ಟಿ ಅನ್ನಿಸಿದ ವಾದ ಇನ್ನೊಂದು: ಮೊದಲು ತುರುಪುಗಳು 14 ಮಾತ್ರ ಇದ್ದವು ಅನ್ನುವುದು. ಮಿಲಾನಿನ ಆ ಚಿನ್ನದ ಎಲೆಗಳಲ್ಲಿ ಹುಚ್ಚನನ್ನೂ ಸೇರಿಸಿ 20 ಉಳಿದಿವೆ. ಅದರಲ್ಲಿ ಧೈರ್ಯ, ಸಂಯಮ, ನಕ್ಷತ್ರ, ಚಂದ್ರ, ಸೂರ್ಯ, ಜಗತ್ತು ಈ ಆರು ಬೇರೊಬ್ಬ ಕಲಾವಿದನ ಕೈಚಳಕ. ಉಳಿದವು 14. 1457ರ ಫೆರಾರಾ ಲೆಕ್ಕಪತ್ರದಲ್ಲಿ 70 ಎಲೆಗಳ ಕಟ್ಟಿನ ಮಾತಿದೆ, ಅಂದರೆ ಹದಿನಾಲ್ಕರ ಐದು ಗುಂಪು: ಸಾಮಾನ್ಯ ಎಲೆಗಳು 56, ತುರುಪು 14. ಲೆಕ್ಕ ಚೆನ್ನಾಗಿ ಕೂಡುತ್ತದೆ. ಆದರೆ ಕಳೆದುಹೋದ ಎಲೆಗಳ ಬದಲಿಗೆ ಆರನ್ನು ಆಮೇಲೆ ಬರೆಸಿದ್ದರೂ ಇಷ್ಟೇ ಕಾಣುತ್ತದೆ. ಹಾಗಾಗಿ ನಾನು ಆ ವಾದವನ್ನು ಪೂರ್ತಿ ಒಪ್ಪಿಲ್ಲ.

ಊರಿನ ವಿಷಯಕ್ಕೆ ಬಂದರೆ, ನಮಗೆ ಸಿಕ್ಕಿರುವ ಮೊದಲ ದಾಖಲೆ 1440ರ ಫ್ಲಾರೆನ್ಸಿನದು, 1442ಕ್ಕೆ ಫೆರಾರಾದ್ದು. ಎರಡೇ ವರ್ಷದ ಅಂತರದಿಂದ ಏನನ್ನೂ ಸಾಧಿಸಲು ಆಗದು. ಆದರೂ ಚೀಟಿಗಳನ್ನು ನೋಡಿ ನಾನು ಬೊಲೋನ್ಯಾ-ಫ್ಲಾರೆನ್ಸ್ ಸಾಲಿನ ಕಡೆಗೇ ವಾಲುತ್ತೇನೆ. ಒಟ್ಟಿಗಿದ್ದ ಮೂರು ಸದ್ಗುಣಗಳನ್ನು ಒಂದೊಂದು ಊರು ತನಗೆ ಸರಿ ಕಂಡಲ್ಲಿ ಚದುರಿಸಿತು ಅನ್ನುವುದನ್ನು ಸುಲಭವಾಗಿ ಊಹಿಸಬಹುದು. ಚದುರಿದ್ದನ್ನು ನೆನಪಿನ ಅನುಕೂಲಕ್ಕೆ ಒಟ್ಟುಗೂಡಿಸಿರಲೂಬಹುದು ಅಂತ ಯಾರಾದರೂ ಹೇಳಿದರೆ, ಅದನ್ನು ತಳ್ಳಿಹಾಕುವ ಪುರಾವೆ ಈ ಮೂರು ಸಾಲುಗಳಲ್ಲಿ ಇಲ್ಲ.