ಮೊದಲು ದನಿ, ಆಮೇಲೆ ಕ್ಯಾಮೆರಾ

"ಇದನ್ನ ಧಾರವಾಡ ಆಕಾಶವಾಣಿಗೆ ಕೊಡ್ರಿ, ಚಲೋ ಕೇಳಸ್ತದ" ಎಂದು ಹುಬ್ಬಳ್ಳಿಯ ಎಡಿಟಿಂಗ್ ಗೆಳೆಯರು ನಕ್ಕಿದ್ದರು. ಡಾಕ್ಯುಮೆಂಟರಿಯ ಸಂದರ್ಶನಕ್ಕೆ ಕ್ಯಾಮೆರಾನೇ ಇಡಲ್ಲ, ಬರೀ ದನಿ ಹಿಡಿಯುತ್ತೇನೆ ಅಂದಿದ್ದೆ. ಈಗ ಅದೇ ಚಿತ್ರದ ಕಾಪಿ ಕೇಳುತ್ತಿರುವವರು ಅವರೇ.

ನೇಪಾಳದಲ್ಲಿ ಎವರೆಸ್ಟ್ ಸೀಮೆಯ ಖುಂಬು ಕಡೆ ಪರ್ವತಾರೋಹಿಗಳ ತಂಡವೊಂದು ಒಂದು ಊರಿಗೆ ನೀರಿನ ಪೈಪು ಹಾಕುತ್ತಿತ್ತು. ಅಲ್ಲಿ ಇದೇನು ಹೊಸದಲ್ಲ. ಎಡ್ಮಂಡ್ ಹಿಲರಿ 1961ರಲ್ಲೇ ಖುಮ್‌ಜುಂಗ್‌ನಲ್ಲಿ ಶಾಲೆ, 1966ರಲ್ಲಿ ಖುಂಡೆ ಅನ್ನೋ ಊರಲ್ಲಿ ಆಸ್ಪತ್ರೆ ಕಟ್ಟಿಸಿದ್ದರು. ಹಾಗಾಗಿ ಕ್ಯಾಮೆರಾ ಮುಂದೆ ಏನು ಹೇಳಬೇಕು ಅಂತ ಜನಕ್ಕೆ ಚೆನ್ನಾಗಿ ಗೊತ್ತು. ಲೆನ್ಸ್ ಕಂಡರೆ ಸಾಕು, ಧನ್ಯವಾದ ಶುರು. ಮೊದಲ ಸಲದ ಫೂಟೇಜ್ ಪೂರ್ತಿ ಇಂಥದ್ದೇ. ಮದುವೆ ಸೀಜನ್ನಿನಲ್ಲಿ ವಿಡಿಯೋ ತೆಗೆದು ದುಡಿದ ಸುಮಾರು ಎರಡು ಲಕ್ಷ ಹೋಯ್ತು.

ಮುಂದಿನ ಸಲ ರೆಕಾರ್ಡರ್ ಒಂದನ್ನೇ ಹಿಡಿದು ಅಡುಗೆಮನೆಯಲ್ಲಿ ಕೂತೆ. ಮನೆಯವರ ಒಪ್ಪಿಗೆ ಕೇಳಿಯೇ ಆನ್ ಮಾಡಿದ್ದು. ಆದರೆ ಹತ್ತು ನಿಮಿಷದಲ್ಲಿ ಅವರು ಅದನ್ನು ಮರೆಯುವಂತೆ ಮಾಡುವುದು ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ. ಆಲೂಗಡ್ಡೆ ಸುಲಿಯುತ್ತಾ ಅಜ್ಜಿಯೊಬ್ಬರು ಬಾಯಿ ಬಿಟ್ಟರು. ಹಿಂದೆ ಬಂದವರೂ ಪೈಪು ಹಾಕಿದ್ದರಂತೆ. ನೆಲದ ಮೇಲೇ ಹಾಸಿ, ಫೋಟೋ ತೆಗೆಸಿಕೊಂಡು ಹೋದರಂತೆ. ಚಳಿಗೆ ನೀರು ಹೆಪ್ಪುಗಟ್ಟಿ ಪೈಪು ಒಡೆದುಹೋಯಿತು. ಮರುದಿನ ಕ್ಯಾಮೆರಾ ಹೊರಗೆ ಬಂತು. ಆ ಸೀಳಿದ ಪೈಪು, ಅಜ್ಜಿ ಕೊಡಲಿಯಿಂದ ಐಸ್ ಒಡೆದು ಡಬ್ಬಕ್ಕೆ ತುಂಬುವುದು, ಈ ತಂಡದವರು ಪೈಪು ಹೂಳಲು ಸೊಂಟದಾಳ ಅಗೆಯುವುದು, ಎಲ್ಲ ತೆಗೆದೆ. ಏನನ್ನು ತೆಗೆಯಬೇಕು ಅಂತ ದನಿಯೇ ಹೇಳಿತ್ತು, ಅಲ್ವಾ?

ಈ ಸಲ ದುಡ್ಡು ಜಾಸ್ತಿ ಹೋಗಿದ್ದು ಅನುವಾದಕ್ಕೆ. ಶೆರ್ಪಾ ಮಾತು ನೇಪಾಳಿಗೆ, ಅಲ್ಲಿಂದ ಹಿಂದಿಗೆ, ಆಮೇಲೆ ಕನ್ನಡಕ್ಕೆ. 40 ಸಾವಿರದ ಹತ್ತಿರ ಆಯ್ತು. ಇದರಲ್ಲಿ ಮಾತ್ರ ಚೌಕಾಸಿ ಬೇಡ. ಲಾಡ್ಜಿನಲ್ಲಿ ಪ್ರತಿ ಬ್ಯಾಟರಿ ಚಾರ್ಜಿಗೂ ದುಡ್ಡು ಕೇಳುತ್ತಾರೆ. ನಮ್ಮ 100 ರೂಪಾಯಿಗೆ ಅಲ್ಲಿ 160 ನೇಪಾಳಿ ರೂಪಾಯಿ ಬರುತ್ತೆ ಅಂತ ಖುಷಿಪಟ್ಟರೆ ಅದೂ ಸಾಲುವುದಿಲ್ಲ.

ಗಾಳಿ ಸದ್ದಿಗೆ ಒಂದು ಪ್ರಯೋಗ ಮಾಡಿದ್ದೆ. ಹಾವೇರಿ ಕಡೆಯ ಕುರಿ ಕಂಬಳಿ ಕತ್ತರಿಸಿ ಮೈಕಿಗೆ ಟೊಪ್ಪಿಗೆ ಹೊಲಿಸಿ, ಗದಗಿನ ಕಪ್ಪತಗುಡ್ಡಕ್ಕೆ ಹೋಗಿ ಗಾಳಿಯಂತ್ರಗಳ ಕೆಳಗೆ ನಿಂತು ಟೆಸ್ಟ್ ಮಾಡಿದೆ. ಗಾಳಿಯೇನೋ ನಿಂತಿತು, ಮಾತೂ ಮಂಕಾಯಿತು. ಕೊನೆಗೆ ಸುಮ್ನೆ ಅಂಗಡಿಯ ಫರ್ ಕವರನ್ನೇ ತಗೊಂಡೆ. ಉಳಿದ ಕಂಬಳಿ ತುಂಡಿನಲ್ಲಿ ಬ್ಯಾಟರಿ ಸುತ್ತಿ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳುತ್ತಿದ್ದೆ. ಬೆಳಿಗ್ಗೆ ಅವು ಹೆಚ್ಚುಕಡಿಮೆ ಫುಲ್ ತೋರಿಸುತ್ತಿದ್ದವು. ಬ್ಯಾಗಿನ ಹೊರಗೆ ಬಿಟ್ಟಿದ್ದವು ಅರ್ಧಕ್ಕೂ ಇರುತ್ತಿರಲಿಲ್ಲ.