ಮಲ್ಚಿಂಗ್ ಶೀಟಿನ ಬಲೂನು: ಧನುರ್ಮಾಸದ ಒಂದು ಶನಿವಾರ, ಒಂದು ಭಾನುವಾರ

ಧನುರ್ಮಾಸದಲ್ಲಿ ಮದುವೆಗಳಿರುವುದಿಲ್ಲ. ಮದುವೆಗಳಿಲ್ಲದಿದ್ದರೆ ನನ್ನಂಥ ಫೋಟೊಗ್ರಾಫರನಿಗೆ ಕೆಲಸವೂ ಇರುವುದಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ದಾವಣಗೆರೆಯ ನನ್ನ ಸ್ಟುಡಿಯೊದಲ್ಲಿ ಪಾಸ್‌ಪೋರ್ಟ್ ಫೋಟೊ, ಲ್ಯಾಮಿನೇಷನ್ ಬಿಟ್ಟರೆ ನೊಣ ಹೊಡೆಯುವುದೇ ಕೆಲಸ. ಕಲ್ಯಾಣ ಮಂಟಪಗಳೂ ಬೀಗ ಹಾಕಿಕೊಂಡಿರುತ್ತವೆ. ಕೈಯಲ್ಲಿ ಪುರುಸೊತ್ತು, ಪರಿಚಯದ ಮಂಟಪದಲ್ಲಿ ಉದ್ದನೆಯ ಖಾಲಿ ಊಟದ ಹಾಲು, ಭರಮಸಾಗರದ ಹತ್ತಿರ ಸೋದರಮಾವನ ಹೊಲದ ಶೆಡ್ಡಿನಲ್ಲಿ ಕಲ್ಲಂಗಡಿಗೆ ಹಾಸಿ ಉಳಿದಿದ್ದ ಅರ್ಧ ಸುರುಳಿ ಮಲ್ಚಿಂಗ್ ಶೀಟು, ಅಂದರೆ ಬೆಳೆಯ ಬುಡಕ್ಕೆ ಹೊದಿಸುವ ತೆಳು ಪ್ಲಾಸ್ಟಿಕ್ ಹಾಳೆ. ಈ ಮೂರೂ ಕೂಡಿದ್ದರಿಂದ ಕಳೆದ ಚಳಿಗಾಲದಲ್ಲಿ ನಾನೊಂದು ಬಿಸಿಗಾಳಿ ಬಲೂನು ಕಟ್ಟಿದೆ.

ಬಿಸಿಗಾಳಿ ಬಲೂನು ಎಂದೊಡನೆ ಎಲ್ಲರೂ ಬೆತ್ತದ ಬುಟ್ಟಿ, ಗ್ಯಾಸಿನ ಜ್ವಾಲೆ, ಬಣ್ಣಬಣ್ಣದ ಬಟ್ಟೆಯನ್ನು ನೆನೆಯುತ್ತಾರೆ. ನನ್ನದರಲ್ಲಿ ಬೆಂಕಿಯೇ ಇಲ್ಲ. ಕಪ್ಪು ಹಾಳೆಯ ದೊಡ್ಡ ಚೀಲವನ್ನು ಬಿಸಿಲಿಗೆ ಹಿಡಿದರೆ ಒಳಗಿನ ಗಾಳಿ ಕಾದು ಹಗುರಾಗುತ್ತದೆ, ಚೀಲ ಏಳುತ್ತದೆ. ಮನುಷ್ಯರನ್ನು ಹೊರುವ ಬಲೂನಿನಲ್ಲಿ ಜ್ವಾಲೆ ಒಳಗಾಳಿಯನ್ನು ನೂರು ಡಿಗ್ರಿಯ ಹತ್ತಿರ ಕಾಯಿಸುತ್ತದೆ. ನನಗೆ ಮನುಷ್ಯರನ್ನು ಹೊರಿಸಬೇಕಿರಲಿಲ್ಲ, ಒಂದು ಪುಟ್ಟ ಕ್ಯಾಮೆರಾ ಏರಿದರೆ ಸಾಕಾಗಿತ್ತು.

"ಡ್ರೋನ್ ಬಿಟ್ಟರೆ ಆಗುತ್ತಿತ್ತಲ್ಲ" ಎಂದು ಇದನ್ನು ಕೇಳಿದವರೆಲ್ಲರೂ ಹೇಳಿದ್ದಾರೆ. ಆಗುತ್ತಿತ್ತು. ಮದುವೆಗಳಿಗೆ ನಾನೇ ಡ್ರೋನ್ ಬಾಡಿಗೆಗೆ ತರಿಸುತ್ತೇನೆ. ಅರ್ಧ ಗಂಟೆಯೊಳಗೆ ಬ್ಯಾಟರಿ ಮುಗಿಯುತ್ತದೆ, ಅದರ ಗುಂಯ್‌ಗುಡುವಿಕೆಗೆ ಪುರೋಹಿತರು ಮಂತ್ರ ನಿಲ್ಲಿಸಿ ಮೇಲೆ ನೋಡುತ್ತಾರೆ. ಆದರೆ ನಿಜವಾದ ಕಾರಣ ಇಷ್ಟೇ: ವರ್ಷಪೂರ್ತಿ ಬೇರೆಯವರ ಸಂಭ್ರಮಕ್ಕೆ ಬಟನ್ ಒತ್ತುವವನಿಗೆ ತನ್ನದೇ ಒಂದು ಹುಚ್ಚು ಬೇಕೆನಿಸುತ್ತದೆ.

ಮೊದಲು ಲೆಕ್ಕ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚುಕಡಿಮೆ 1.1 ಕಿಲೋ ತೂಗುತ್ತದೆ. ನಾಲ್ಕು ಮೀಟರ್ ಅಡ್ಡಳತೆಯ ಗೋಳದೊಳಗೆ 33 ಘನ ಮೀಟರ್ ಗಾಳಿ ಹಿಡಿಯುತ್ತದೆ. ಅಂದರೆ ಖಾಲಿ ಎಂದು ನಾವು ಹೇಳುವ ಆ ಚೀಲದಲ್ಲಿ 36 ಕಿಲೋ ಗಾಳಿ, ಮುಕ್ಕಾಲು ಮೂಟೆ ಸಿಮೆಂಟಿನ ತೂಕ! ಒಳಗಾಳಿ ಹೊರಗಿನದಕ್ಕಿಂತ 25 ಡಿಗ್ರಿ ಬಿಸಿಯಾದರೆ ನೂರಕ್ಕೆ ಎಂಟರಷ್ಟು ಹಗುರಾಗುತ್ತದೆ. ಅಲ್ಲಿಗೆ ಸುಮಾರು 2.9 ಕಿಲೋ ಎತ್ತುವ ಬಲ ಸಿಕ್ಕಿತು. ಇದರಲ್ಲಿ ಚೀಲದ ಸ್ವಂತ ತೂಕ ಕಳೆಯಬೇಕು. ಮಾವನ ಶೀಟು 25 ಮೈಕ್ರಾನಿನದು, ಅಂದರೆ ಮಿಲಿಮೀಟರಿನ ನಲವತ್ತನೇ ಒಂದು ಪಾಲು ದಪ್ಪ. ಒಂದು ಚದರ ಮೀಟರ್ ಕತ್ತರಿಸಿ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟೆ: 23 ಗ್ರಾಂ. ಗೋಳದ ಮೈ 50 ಚದರ ಮೀಟರ್, ಹಾಗಾಗಿ ಶೀಟಿಗೆ 1,150 ಗ್ರಾಂ, ಟೇಪಿಗೆ 150, ಬಾಯಿಗೆ ಕಟ್ಟಿದ ಹನಿ ನೀರಾವರಿ ಪೈಪಿನ ಬಳೆಗೆ ಇನ್ನೊಂದು 100. ಕಳೆದರೂ ಒಂದೂವರೆ ಕಿಲೋ ಕೈಯಲ್ಲಿ ಉಳಿಯುತ್ತದೆ. ಕಾಗದದ ಮೇಲೆ ಬಲೂನು ಆಗಲೇ ಹಾರಿತ್ತು.

ಕತ್ತರಿಸುವುದು ಕಿತ್ತಳೆ ಹಣ್ಣಿನ ತೊಳೆಯ ಲೆಕ್ಕ. ನಾಲ್ಕಡಿ ಅಗಲದ ಶೀಟಿಗೆ 11 ತೊಳೆಗಳು, ಒಂದೊಂದರ ಉದ್ದ 21 ಅಡಿಯಷ್ಟು, ನಡುವೆ ಅಗಲ, ಎರಡು ತುದಿಗೆ ಚೂಪು. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ಒಂದು ಮಾದರಿ ಮಾಡಿಕೊಂಡು, ಊಟದ ಹಾಲಿನಲ್ಲಿ ಶೀಟು ಹಾಸಿ, ಬಾಳೆ ಎಲೆ ಹಾಕುವ ಕಡೆ ಮಂಡಿಯೂರಿ ಮೂರು ಸಂಜೆ ಕತ್ತರಿಸಿದೆ. ಮಂಟಪದ ಕಾವಲುಗಾರ ಎರಡನೆಯ ದಿನ ತಾನೂ ಕತ್ತರಿ ಹಿಡಿದ. ಪ್ಯಾಕಿಂಗ್ ಟೇಪನ್ನು ಸುಕ್ಕಿಲ್ಲದೆ ಎಳೆಯುವುದು ಇಬ್ಬರ ಕೆಲಸ. ಒಬ್ಬನೇ ಎಳೆದ ಎರಡು ಹೊಲಿಗೆಗಳನ್ನು ಬಿಚ್ಚಿ ಮತ್ತೆ ಅಂಟಿಸಬೇಕಾಯಿತು. ಮಲ್ಚಿಂಗ್ ಶೀಟಿನ ಒಂದು ಮೈ ಬೆಳ್ಳಿ, ಒಂದು ಮೈ ಕಪ್ಪು. ಹೊಲದಲ್ಲಿ ಬೆಳ್ಳಿಯನ್ನು ಮೇಲೆ ಮಾಡಿ ಹಾಸುತ್ತಾರೆ, ಬೆಳಕು ಎರಚಿ ಕೀಟ ದೂರವಿರಲಿ ಎಂದು. ಅದೇ ಅಭ್ಯಾಸದಲ್ಲಿ ನಾನು ಪ್ರಯೋಗಕ್ಕೆಂದು ಮೊದಲು ಮಾಡಿದ ಸಣ್ಣ ಚೀಲಕ್ಕೂ ಬೆಳ್ಳಿಯನ್ನೇ ಹೊರಗಿಟ್ಟಿದ್ದೆ. ತಾರಸಿಯ ಮೇಲೆ ಅದು ಒಂದು ಗಂಟೆ ಬಿದ್ದುಕೊಂಡೇ ಇತ್ತು.

ಗೋಳಾಕಾರವೇ ಏಕೆಂದರೆ, ಸೂರ್ಯ ಎಷ್ಟೇ ಕೆಳಗಿದ್ದರೂ ಗೋಳ ಅವನಿಗೆ ಒಡ್ಡುವ ಎದೆ ಒಂದೇ ಅಳತೆಯದು. ನಾಲ್ಕು ಮೀಟರಿನ ಗೋಳಕ್ಕೆ ಬೆಳಗಿನ ಎಂಟು ಗಂಟೆಯ ಎಳೆಬಿಸಿಲಿನಲ್ಲೂ ಏಳೆಂಟು ಇಸ್ತ್ರಿಪೆಟ್ಟಿಗೆಗಳಷ್ಟು ಶಾಖ ಸಿಗುತ್ತದೆ.

ಹಗ್ಗದ ವಿಷಯದಲ್ಲಿ ನಾನು ಪುಕ್ಕಲ. ಹೆಣೆದ ನೈಲಾನ್ ಹಗ್ಗ ಒಂದು, ಬಲೂನು ಗಿರಕಿ ಹೊಡೆಯದಂತೆ ಅಕ್ಕಪಕ್ಕ ಹಿಡಿಯಲು ತೆಳುವಾದವು ಎರಡು. ಪ್ರತಿ ಹತ್ತು ಮೀಟರಿಗೆ ಕೆಂಪು ದಾರದ ಗುರುತು. ಸುತ್ತಿಕೊಳ್ಳಲು ಹಳೆಯ ಸೈಕಲ್ ರಿಮ್ಮು. ಕೈಗೆ ತೊಗಲಿನ ಗವಸು ಕಡ್ಡಾಯ, ಎಳೆತಕ್ಕೆ ಸಿಕ್ಕ ಹಗ್ಗ ಅಂಗೈ ಸುಡುತ್ತದೆ. ಇವುಗಳಲ್ಲದೆ ನೆತ್ತಿಯಲ್ಲಿ ಒಂದಡಿ ಸೀಳು ಬಿಟ್ಟು, ಅದಕ್ಕೆ ಟೇಪಿನ ತೇಪೆ ಹಾಕಿ, ತೇಪೆಗೆ ಪ್ರತ್ಯೇಕ ದಾರ ಕಟ್ಟಿದ್ದೆ. ಏನಾದರೂ ಎಡವಟ್ಟಾದರೆ ದಾರ ಜಗ್ಗಿದರೆ ಸಾಕು, ನೆತ್ತಿ ಬಿರಿದು ಬಿಸಿಗಾಳಿ ಸೋರಿ ಬಲೂನು ಕುಸಿಯುತ್ತದೆ. ದೊಡ್ಡ ಬಲೂನುಗಳ ನೆತ್ತಿಯಲ್ಲೂ ಇದೇ ಕೆಲಸಕ್ಕೆ ಕಿಂಡಿ ಇರುತ್ತದೆ. ವಿದ್ಯುತ್ ತಂತಿ ನಮ್ಮ ಹಗ್ಗದ ಉದ್ದಕ್ಕಿಂತ ಎರಡು ಪಟ್ಟಾದರೂ ದೂರವಿರಬೇಕೆಂದು ನಿಯಮ ಮಾಡಿಕೊಂಡೆ. 1934ರ ವಿಮಾನ ಕಾಯ್ದೆಯ (2025ರಿಂದ ಅದರ ಜಾಗದಲ್ಲಿ ಭಾರತೀಯ ವಾಯುಯಾನ ಅಧಿನಿಯಮವಿದೆ) ವ್ಯಾಖ್ಯೆಯಲ್ಲಿ ಕಟ್ಟಿಹಾಕಿದ ಬಲೂನು, ಗಾಳಿಪಟಗಳೂ ವಿಮಾನವೇ ಆಗಿದ್ದವು! ಹಾಗಾಗಿ ಪೊಲೀಸ್ ಠಾಣೆಗೂ ಒಂದು ಅರ್ಜಿ ಕೊಟ್ಟು ಬಂದೆ. ಚಿತ್ರದುರ್ಗದ ಕೋಟೆಯ ಮೇಲೆ ಹಾರಿಸುವ ಆಸೆ ಯಾರಿಗಿಲ್ಲ? ಆದರೆ ಅದು ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ, ಅನುಮತಿ ಇಲ್ಲದೆ ಅಲ್ಲಿ ಆಟ ಸಲ್ಲದು. ಮಾವನ ಕಡಲೆ ಹೊಲವೇ ಸಾಕೆಂದುಕೊಂಡೆ.

ಶನಿವಾರ ಕೆಟ್ಟಿತು. ಹೇಗೆ ಕೆಟ್ಟಿತೆಂಬುದೇ ಈ ಬರಹದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಭಾಗ.

ಬೇಗ ಹೋದಷ್ಟೂ ಒಳ್ಳೆಯದೆಂದು ಆರು ಗಂಟೆಯ ಕತ್ತಲಲ್ಲೇ ಕಡಲೆ ಹೊಲದ ಪಕ್ಕದ ಬೀಳಿನಲ್ಲಿ ಬಲೂನು ಬಿಡಿಸಿ ಹಾಸಿದೆವು. ಕಡಲೆ ಗಿಡದ ಹುಳಿ ಇಬ್ಬನಿಯಲ್ಲಿ ಪ್ಯಾಂಟು ಮೊಣಕಾಲಿನವರೆಗೆ ತೊಯ್ದಿತ್ತು. ಅಷ್ಟಾದರೂ ನನಗೆ ಹೊಳೆಯಲಿಲ್ಲ. ಸೂರ್ಯ ಹುಟ್ಟಿದ, ಮದುವೆ ಮನೆಯ ದೊಡ್ಡ ಫ್ಯಾನನ್ನು ಇನ್ವರ್ಟರಿಗೆ ಹಾಕಿ ಗಾಳಿ ತುಂಬಿಸಿದೆವು, ಬಲೂನು ಎಮ್ಮೆಯಂತೆ ಉಬ್ಬಿತು. ಏಳಲಿಲ್ಲ. ಏಳೂಮುಕ್ಕಾಲಾಯಿತು, ಎಂಟಾಯಿತು. ಟೇಪು ಸೋರುತ್ತಿದೆಯೇ ಎಂದು ಹೊಲಿಗೆಗಳ ಮೇಲೆ ಕೈಯಾಡಿಸಿದಾಗ ಅಂಗೈ ಪೂರಾ ಒದ್ದೆ. ಹಾಳೆಯ ಮೇಲೆ ಸಾಸಿವೆಕಾಳಿನಷ್ಟು ಹನಿಗಳು ಒತ್ತಾಗಿ ಕೂತಿದ್ದವು. ತೆರೆದ ಆಕಾಶದ ಕೆಳಗೆ ಬಿದ್ದುಕೊಂಡ ತೆಳು ಹಾಳೆ ಬೇಗ ತಣ್ಣಗಾಗಿ ಸುತ್ತಲಿನ ಇಬ್ಬನಿಯನ್ನೆಲ್ಲ ತನ್ನ ಮೈಮೇಲೆ ಇಳಿಸಿಕೊಂಡಿತ್ತು. ಆಮೇಲೆ ಲೆಕ್ಕ ಹಾಕಿದೆ: 50 ಚದರ ಮೀಟರಿನ ಮೇಲೆ ಕೂದಲಿಗಿಂತ ತೆಳುವಾದ ನೀರಿನ ಪೊರೆ ಕೂತರೂ ಅದು ಒಂದು ಲೀಟರ್, ಅಂದರೆ ಒಂದು ಕಿಲೋ. ಕೈಯಲ್ಲಿ ಉಳಿಯುತ್ತದೆಂದು ನಾನು ಹಿಗ್ಗಿದ್ದ ಒಂದೂವರೆ ಕಿಲೋದಲ್ಲಿ ಮೂರರಲ್ಲಿ ಎರಡು ಪಾಲನ್ನು ಇಬ್ಬನಿ ನುಂಗಿತ್ತು. ಉಳಿದದ್ದನ್ನೂ ಬಿಸಿಲು ಎತ್ತಿಕೊಡಲಿಲ್ಲ, ನೀರು ಆರಿಸುವುದರಲ್ಲೇ ಖರ್ಚಾಗುತ್ತಿತ್ತು.

ನಾದಾರ್ ಎಂಬ ಫ್ರೆಂಚ್ ಫೋಟೊಗ್ರಾಫರ್ ನೆನಪಾದ. ಅವನೂ ಪ್ಯಾರಿಸ್ಸಿನಲ್ಲಿ ಸ್ಟುಡಿಯೊ ಇಟ್ಟವನೇ. 1858ರಲ್ಲಿ ಆಕಾಶದಿಂದ ಮೊದಲ ಫೋಟೊ ತೆಗೆಯಲು ಗ್ಯಾಸ್ ಬಲೂನು ಹತ್ತಿದರೆ, ಮತ್ತೆ ಮತ್ತೆ ಪ್ಲೇಟುಗಳೆಲ್ಲ ಮಂಕು. ಬಲೂನಿನ ಬಾಯಿಂದ ಇಳಿಯುತ್ತಿದ್ದ ಗ್ಯಾಸು ಬುಟ್ಟಿಯಲ್ಲಿದ್ದ ರಾಸಾಯನಿಕವನ್ನು ಕೆಡಿಸುತ್ತಿತ್ತು. ಬಾಯಿ ಮುಚ್ಚಿ ಏರಿದ ದಿನ ಚಿತ್ರ ಮೂಡಿತು. ಸ್ಟುಡಿಯೊ ಇಟ್ಟವರ ಹಣೆಬರಹವೇ ಇಷ್ಟಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಒಂಬತ್ತರ ಹೊತ್ತಿಗೆ ಮೈ ಆರಿ ಬಲೂನು ಒಂದಾಳೆತ್ತರ ಎದ್ದಿತು. ಅದೇ ಹೊತ್ತಿಗೆ ಮೂಡಣ ಗಾಳಿಯೂ ಎದ್ದಿತು. ಇಷ್ಟಗಲದ ಚೀಲಕ್ಕೆ ಸಣ್ಣ ಗಾಳಿಯೂ ಹಡಗಿನ ಪಟಕ್ಕೆ ಬಡಿದಂತೆ. ಪಕ್ಕಕ್ಕೆ ವಾಲಿ, ಬದುವಿನ ಬಳ್ಳಾರಿ ಜಾಲಿಯ ಮುಳ್ಳಿಗೆ ಕೆನ್ನೆ ಒಡ್ಡಿ, ಎರಡಡಿ ಸೀಳಿಸಿಕೊಂಡು ಕೂತಿತು. ನೆರೆದಿದ್ದ ಹುಡುಗರಿಗೆ ಅದೇ ಅತ್ಯಂತ ಒಳ್ಳೆಯ ಪ್ರದರ್ಶನ. ಪಕ್ಕದ ಹೊಲದವರೊಬ್ಬರು ಬಂದು, "ಇದನ್ನು ಹೀಗೇ ಸೂರ್ಯಕಾಂತಿ ಹೊಲದಲ್ಲಿ ನಿಲ್ಲಿಸುತ್ತೀರಾ? ಬೆಳಗಿನಿಂದ ಒಂದು ಗಿಣಿ ಇತ್ತ ಸುಳಿದಿಲ್ಲ" ಎಂದು ಗಂಭೀರವಾಗಿಯೇ ಕೇಳಿದರು.

ಗಾಳಿ ಇದ್ದರೆ ಗಾಳಿಪಟ. ಅದನ್ನೂ ತಂದಿದ್ದೆ: ಕೊಡೆ ಬಟ್ಟೆಯ, ಬಿದಿರು ಕಡ್ಡಿಯ, ಆರು ಮೂಲೆಯ ಜಪಾನೀ ಮಾದರಿಯದು. ನಾಲ್ಕು ಗಂಟೆಗೆ ಅದು ಗೂಟ ಹೊಡೆದಂತೆ ನಿಂತಿತು. ಕ್ಯಾಮೆರಾವನ್ನು ನೇರವಾಗಿ ಪಟಕ್ಕೆ ಕಟ್ಟಬಾರದು, ಪಟದ ಪ್ರತಿ ನಡುಕವೂ ಚಿತ್ರಕ್ಕೆ ಇಳಿಯುತ್ತದೆ. ಪಟದಿಂದ ಹತ್ತು ಮೀಟರ್ ಕೆಳಗೆ ಹಗ್ಗಕ್ಕೆ, ಪಿಕಾವೆ ಎಂಬ ಫ್ರೆಂಚ್ ಮನುಷ್ಯ 1912ರಲ್ಲಿ ಹೊಂದಿಸಿದ ತೂಗುತೊಟ್ಟಿಲು ಕಟ್ಟುತ್ತಾರೆ. ಕೂಡುಗುರುತಿನಾಕಾರದ ಎರಡು ಪಟ್ಟಿ, ನಾಲ್ಕು ಕೊಕ್ಕೆ, ಅವುಗಳ ಮೂಲಕ ಓಡುವ ಒಂದೇ ದಾರ. ಹಗ್ಗ ಹೇಗೆ ವಾಲಿದರೂ ದಾರ ತಾನೇ ಸರಿದು ಕ್ಯಾಮೆರಾವನ್ನು ಮಟ್ಟವಾಗಿ ಇಡುತ್ತದೆ. ಭರಮಸಾಗರದ ಕೆರೆ, ಅದರಾಚೆ ದುರ್ಗದ ಕಡೆಯ ಗುಡ್ಡಸಾಲು, ಗುಡ್ಡದ ಮೇಲಿನ ಗಾಳಿಯಂತ್ರಗಳು ಓರೆ ಬಿಸಿಲಿನಲ್ಲಿ ಚೆನ್ನಾಗಿಯೇ ಬಂದವು. ಕ್ಯಾಲೆಂಡರಿಗೆ ಹಾಕಬಹುದಾದ ಚಿತ್ರಗಳು. ನನಗೆ ಬೇಕಿದ್ದದ್ದು ನೆತ್ತಿಯಿಂದ ನೇರ ಕೆಳಗಿನ ನೋಟ, ಅದಕ್ಕೆ ಗಾಳಿಪಟ ಸರಿಯಾಗದು. ಮಂಡಕ್ಕಿ, ಮೆಣಸಿನಕಾಯಿ ತಿಂದು, ರಾತ್ರಿ ಸೀಳಿಗೆ ತೇಪೆ ಹಾಕಿ ಮಲಗಿದೆವು.

ಭಾನುವಾರ ಬಲೂನನ್ನು ಏಳೂವರೆಯವರೆಗೆ ಚೀಲದಿಂದ ಹೊರಗೇ ತೆಗೆಯಲಿಲ್ಲ. ನೆಲಕ್ಕೆ ಒಣ ಟಾರ್ಪಾಲು, ಅದರ ಮೇಲೆ ಬಲೂನು, ಬಿಡಿಸಿದ ಕೂಡಲೇ ಫ್ಯಾನು. ಊದುಬತ್ತಿಯ ಹೊಗೆ ಕೋಲಿನಂತೆ ನೇರ ಏಳುತ್ತಿತ್ತು, ಅಂಥ ಗಾಳಿಯೇ ಬೇಕು. ತಂತಿ ತುದಿಯ ಥರ್ಮಾಮೀಟರನ್ನು ಬಾಯಿಂದ ಒಳಗೆ ಬಿಟ್ಟಿದ್ದೆ. ಹೊರಗೆ 17 ಡಿಗ್ರಿ; ಒಳಗೆ 24, 31, 38. ಮುದುಡಿದ್ದ ತೊಳೆಗಳು ಒಂದೊಂದಾಗಿ ಪಟಪಟನೆ ಬಿಗಿದುಕೊಂಡವು. 40 ದಾಟಿದ ಮೇಲೆ ಬಾಯಿಯ ಬಳೆ ನೆಲ ಬಿಟ್ಟಿತು. ಸದ್ದಿಲ್ಲ, ಬೆಂಕಿಯಿಲ್ಲ, ಯಾರೂ ತಳ್ಳಲಿಲ್ಲ. ಎರಡು ದಿನದಿಂದ ನಗುತ್ತಿದ್ದ ಮಾವ ಟವೆಲನ್ನು ಹೆಗಲಿನಿಂದ ಕೈಗೆ ತೆಗೆದುಕೊಂಡರು. ಲಗೇಜು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಹಗ್ಗಕ್ಕೆ ಸಿಕ್ಕಿಸಿದರೆ 1.6 ಕಿಲೋ ಎಳೆತ. ಕ್ಯಾಮೆರಾ, ತೊಟ್ಟಿಲು ಸೇರಿ 280 ಗ್ರಾಂ, ಹಗ್ಗಗಳು ಅರ್ಧ ಕಿಲೋ. ಕಟ್ಟಿ ಬಿಟ್ಟೆವು.

ಏಳನೆಯ ಕೆಂಪು ಗುರುತಿಗೆ, ಅಂದರೆ 70 ಮೀಟರಿಗೆ ನಿಲ್ಲಿಸಿದೆ. ಅಲ್ಲಿಂದ ನನ್ನ ಲೆನ್ಸಿಗೆ ಒಂದು ಚೌಕಟ್ಟಿನಲ್ಲಿ ಎರಡು ಎಕರೆ ನೆಲ ಸಿಗುತ್ತದೆ. ಫೋಕಸ್ಸನ್ನು ಅನಂತಕ್ಕೆ ಕಟ್ಟಿ, ಷಟರ್ 1/1000 ಸೆಕೆಂಡಿಗಿಂತ ನಿಧಾನವಾಗದಂತೆ ನೋಡಿಕೊಂಡು, ಎರಡು ಸೆಕೆಂಡಿಗೊಂದು ಚಿತ್ರಕ್ಕೆ ಇಟ್ಟಿದ್ದೆ. ಮೂರು ಹಗ್ಗ ಹಿಡಿದ ಮೂವರು ಹೊಲದ ಬದುಗುಂಟ ದೇವರ ಪಲ್ಲಕ್ಕಿ ಹೊತ್ತವರಂತೆ ಹೆಜ್ಜೆ ಹೊಂದಿಸಿಕೊಂಡು ನಡೆದೆವು. ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಹಗ್ಗ ಒಮ್ಮೆ ಸಡಿಲಾಗಿ ಒಮ್ಮೆ ಜಗ್ಗತೊಡಗಿತು. ನೆಲ ಕಾದು ಗಾಳಿ ಉಕ್ಕುವ ಮುನ್ಸೂಚನೆ ಅದು. ಇನ್ನೈದು ನಿಮಿಷ ಎಂಬ ಆಸೆಯನ್ನು ನುಂಗಿಕೊಂಡು ಇಳಿಸಿದೆ. ನಲವತ್ತು ನಿಮಿಷಕ್ಕೆ ಸುಮಾರು 1,200 ಚಿತ್ರಗಳು. ಇಟ್ಟುಕೊಳ್ಳುವಂಥವು ಮೂವತ್ತು.

ಸಂಜೆ ಲ್ಯಾಪ್‌ಟಾಪಿನಲ್ಲಿ ಅವನ್ನು ನೋಡುತ್ತ ಮಾವ ತಮ್ಮ ಹೊಲದ ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು. ಎರೆಯ ಕಪ್ಪು ಮುಗಿದು ಕೆಮ್ಮಣ್ಣು ಶುರುವಾಗುವ ಗೆರೆ ಬದುವಿಗೆ ಹೊಂದದೆ ಹಾವಿನಂತೆ ಹೊರಳಿತ್ತು. ಕಡಲೆ ಬೆಳೆಯ ನಡುವೆ, ಸುತ್ತಲಿಗಿಂತ ಕಡುಹಸಿರಾದ ದುಂಡನೆಯ ಮಚ್ಚೆಗಳು ಕಂಡವು. ಒಂದೇ ಸಾಲಿನಲ್ಲಿ ಐದು, ಒಂದೊಂದೂ ಎತ್ತಿನ ಗಾಡಿಯ ಚಕ್ರಕ್ಕಿಂತ ತುಸು ದೊಡ್ಡವು. ನೆಲದ ಮೇಲೆ ನಿಂತರೆ ಇವು ಕಾಣುವುದೇ ಇಲ್ಲ. ಬೆಳಿಗ್ಗೆ ನಾವೇ ಅವುಗಳ ಮೇಲೆ ನಡೆದಿದ್ದೆವು.

"ಹಗೇವು" ಎಂದರು ಮಾವ. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜಗಳು. ಊರು ಮೊದಲು ಅಲ್ಲಿಯವರೆಗೂ ಇತ್ತೆಂದು ಅವರ ಅಜ್ಜ ಹೇಳುತ್ತಿದ್ದರಂತೆ. ಹೂತ ಗುಂಡಿಯ ಸಡಿಲ ಮಣ್ಣಿನಲ್ಲಿ ತೇವ ಹೆಚ್ಚು ದಿನ ನಿಲ್ಲುತ್ತದೆ, ಮೇಲಿನ ಗಿಡ ಹೆಚ್ಚು ಹಸಿರಾಗುತ್ತದೆ. ಹಳೆಯ ನೆಲೆಗಳನ್ನು ಆಕಾಶದಿಂದ ಹುಡುಕುವವರು ನೋಡುವುದೂ ಇಂಥ ಮಚ್ಚೆಗಳನ್ನೇ. ಆದರೆ ಅಜ್ಜ ಹೇಳಿದ್ದು ನಾಲ್ಕು ಹಗೇವು. ಐದನೆಯದು ಹೋದ ವರ್ಷ ಮೆಕ್ಕೆಜೋಳದ ರವದಿ ಸುಟ್ಟ ಜಾಗವೆಂದು ನನ್ನ ಅತ್ತೆ, ಅಲ್ಲವೇ ಅಲ್ಲವೆಂದು ಮಾವ. ಮರುದಿನ ಬೆಳಿಗ್ಗೆ ನಾನು ದಾವಣಗೆರೆಯ ಬಸ್ಸಿಗೆ ಕಾಯುತ್ತಿದ್ದಾಗ, ಮಾವ ಮೊಬೈಲಿನಲ್ಲಿ ಚಿತ್ರ ಹಿಡಿದುಕೊಂಡು ಬದುವಿನಿಂದ ಹೆಜ್ಜೆ ಎಣಿಸುತ್ತ ಹೋಗಿ ಐದನೆಯದರ ನಡುವೆ ಒಂದು ಗೂಟ ನೆಟ್ಟು ಬಂದರು. ಕಡಲೆ ಕಿತ್ತ ಮೇಲೆ ಹಾರೆ ಹಾಕಿ ನೋಡುವುದಂತೆ.